ಎಣ್ಣೆಯ ಬಂಡಿಯೂ ಮಿಂಚಿನ ಬಂಡಿಯೂ

ಎತ್ತು ಕೊಳ್ಳಲು ಸಂತೆಗೆ ಹೊರಟ ಒಕ್ಕಲಿಗನು ಹಿಂದೆ ಮೂರು ವಿಷಯಗಳನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೊರಡುತ್ತಿದ್ದನು. ಎಳೆಯಬೇಕಾದ ಹೊರೆ ಎಷ್ಟು, ನಡೆಯಬೇಕಾದ ನೆಲ ಎಂತಹುದು, ಹಾಕಬೇಕಾದ ಮೇವು ಎಲ್ಲಿಂದ ಬರತಕ್ಕದ್ದು ಎಂಬ ಈ ಮೂರಕ್ಕೆ ಉತ್ತರ ದೊರೆಯದೆ ಅವನು ಹಗ್ಗವನ್ನು ಹೆಗಲಿಗೆ ಹಾಕುತ್ತಿರಲಿಲ್ಲ. ಕೋಡಿಗೆ ಬಳಿದ ಬಣ್ಣವನ್ನೂ ಕೊರಳಿಗೆ ಕಟ್ಟಿದ ಗೆಜ್ಜೆಯನ್ನೂ ನೋಡಿ ಬೆಲೆ ಕಟ್ಟಿದವನನ್ನು ಊರೇ ನಗುತ್ತಿತ್ತು.

ಈಗ ಯಾದಗಿರಿ, ಶಹಾಪುರ, ಸುರಪುರಗಳಲ್ಲಿಯೂ ಕೊಂಕಲ್ ಮೊದಲಾದ ಗ್ರಾಮಗಳಲ್ಲಿಯೂ ಅನುಕೂಲಸ್ಥರ ಮನೆಗಳೊಳಗೆ ಒಂದು ವಾದವು ನಡೆದಿದೆ. ಕೊಳ್ಳತಕ್ಕದ್ದು ವಿದ್ಯುತ್ತಿನಿಂದ ಓಡುವ ಎಸ್‌ಯುವಿಯೋ, ಅಥವಾ ನಾಲ್ಕು ಗಾಲಿಗಳಿಗೂ ಬಲವಿರುವ ಪೆಟ್ರೋಲಿನ ದೊಡ್ಡ ಗಾಡಿಯೋ? ತಂದೆಯದು ಒಂದು ಪಕ್ಷ, ಮಗನದು ಮತ್ತೊಂದು. ಬೀಗರ ಅಂಗಳದಲ್ಲಿ ಏನು ನಿಂತಿದೆ ಎಂಬುದು ಇಬ್ಬರಿಗೂ ಪ್ರಮಾಣ. ಹೊರೆ, ನೆಲ, ಮೇವು ಎಂಬ ಮೂರು ಪ್ರಶ್ನೆಗಳನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ. ಇಪ್ಪತ್ತೈದು ಲಕ್ಷ ರೂಪಾಯಿಯ ವ್ಯವಹಾರದಲ್ಲಿ ಎತ್ತಿನ ವ್ಯಾಪಾರಕ್ಕೆ ಇದ್ದಷ್ಟು ವಿಚಾರವೂ ಇಲ್ಲವೆಂದರೆ ಅದು ವಿಷಾದದ ಸಂಗತಿಯು. ಆದುದರಿಂದ ಹಳೆಯ ಮೂರು ಒರೆಗಲ್ಲುಗಳಿಗೇ ಈ ಹೊಸ ಬಂಡಿಗಳನ್ನು ತಿಕ್ಕಿ ನೋಡುವುದು ಯುಕ್ತವಾಗಿದೆ.

ಮೊದಲು ಪೂರ್ವಪಕ್ಷವನ್ನು ಅದರ ಬಲದೊಡನೆಯೇ ಹೇಳಬೇಕು. ಪೆಟ್ರೋಲಿನ ಪಕ್ಷದವರು ಹೀಗೆನ್ನುವರು: "ವಿದ್ಯುತ್ತಿನ ಗಾಡಿ ಬೆಂಗಳೂರಿನವರ ಆಟಿಕೆ. ಕರೆಂಟು ಹೋಗಿ ಬರುವ, ಮಳೆ ಹಿಡಿದರೆ ಎರೆಯ ನೆಲದಲ್ಲಿ ಗಾಲಿ ಹೂಳುವ, ವೈಶಾಖದಲ್ಲಿ ಕಲ್ಲು ಕಾಯುವ ನಮ್ಮ ಸೀಮೆಗೆ ಅದು ಒಗ್ಗದು. ಇಲ್ಲಿ ಬೇಕಾದುದು ಗಟ್ಟಿಯಾದ ಎಣ್ಣೆಯ ಗಾಡಿ." ಈ ಮಾತಿನಲ್ಲಿ ಮೂರು ಆಕ್ಷೇಪಗಳಿವೆ; ಮೂರಕ್ಕೂ ಸಮಾಧಾನ ಹೇಳದೆ ವಿದ್ಯುತ್ತನ್ನು ಹೊಗಳುವುದು ನ್ಯಾಯವಾಗಲಾರದು.

ಅದಕ್ಕೆ ಮೊದಲು "ಹೊಸದು, ಪರೀಕ್ಷೆಯಾಗದುದು" ಎಂಬ ಅಪವಾದವನ್ನು ಕಳೆಯಬೇಕು. 1900ರ ಸುಮಾರಿಗೆ ಅಮೆರಿಕದಲ್ಲಿ ಆವಿಯ, ಎಣ್ಣೆಯ, ವಿದ್ಯುತ್ತಿನ ಬಂಡಿಗಳು ಮೂರೂ ಒಂದೇ ಬೀದಿಯಲ್ಲಿ ಸ್ಪರ್ಧಿಸುತ್ತಿದ್ದವು. ಕೈಯಿಂದ ತಿರುಗಿಸಿ ಎಬ್ಬಿಸಬೇಕಾಗಿದ್ದ ಎಣ್ಣೆಯ ಎಂಜಿನ್ನಿಗೆ ಸ್ವಯಂಚಾಲಕ ಸ್ಟಾರ್ಟರ್ 1912ರಲ್ಲಿ ದೊರೆತ ಮೇಲೆ ಎಣ್ಣೆಯು ಗೆದ್ದಿತು. ಆ ಸ್ಟಾರ್ಟರ್ ನಡೆಯುವುದಾದರೂ ವಿದ್ಯುತ್ತಿನಿಂದಲೇ ಎಂಬುದನ್ನು ಮರೆಯಬಾರದು. ಕರ್ನಾಟಕಕ್ಕೂ ಈ ವಿದ್ಯೆ ಪರಕೀಯವಲ್ಲ. ಚೇತನ್ ಮೈನಿಯವರು ಕಟ್ಟಿದ ರೇವಾ ಎಂಬ ಚಿಕ್ಕ ವಿದ್ಯುತ್ ಕಾರು 2001ರಲ್ಲಿಯೇ ಬೆಂಗಳೂರಿನಿಂದ ಹೊರಬಂದಿತು. 2010ರಲ್ಲಿ ಆ ಉದ್ಯಮವನ್ನು ಮಹೀಂದ್ರದವರು ಕೊಂಡರು. ವಿದ್ಯುದ್ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು 2017ರಲ್ಲಿ ಪ್ರಕಟಿಸಿದ ಕರ್ನಾಟಕವು ಭಾರತದ ರಾಜ್ಯಗಳಲ್ಲಿ ಮೊದಲನೆಯದು. ಯಾದಗಿರಿ ನಿಲ್ದಾಣವನ್ನು ಹಾದುಹೋಗುವ ಮುಂಬಯಿ ಚೆನ್ನೈ ಮಾರ್ಗದ ರೈಲುಗಳನ್ನು ಎಳೆಯುವುದೂ ಈಗ ವಿದ್ಯುತ್ತೇ. ಸಾವಿರ ಜನರನ್ನು ಎಳೆಯಬಲ್ಲ ಶಕ್ತಿಯು ನಾಲ್ವರನ್ನು ಎಳೆಯಲಾರದೆನ್ನುವುದು ಹಾಸ್ಯಾಸ್ಪದವು.

ಇನ್ನು ಹೊರೆಯ ಪ್ರಶ್ನೆ. ಈ ಗಾಡಿಗಳು ವರ್ಷದ ಬಹುದಿನಗಳಲ್ಲಿ ಹೊರುವುದು ಏನನ್ನು? ಗೃಹಸ್ಥನೊಬ್ಬನು ಕಚೇರಿಗೆ ಹೋಗುವನು. ಗೃಹಿಣಿಯು ಮಗುವನ್ನು ಶಾಲೆಗೆ ಬಿಡುವಳು. ಅಮಾವಾಸ್ಯೆ ಹುಣ್ಣಿಮೆಗಳಿಗೆ ದೇವರ ದರ್ಶನ. ತಿಂಗಳಿಗೊಮ್ಮೆ ಸುಮಾರು 80 ಕಿಲೋಮೀಟರ್ ದೂರದ ಕಲಬುರಗಿಗೆ ವೈದ್ಯರ ಬಳಿಗೋ ಬಟ್ಟೆಯಂಗಡಿಗೋ ಪ್ರಯಾಣ. ಹತ್ತಿಯ ಅಂಡಿಗೆಯನ್ನಾಗಲಿ ತೊಗರಿಯ ಚೀಲವನ್ನಾಗಲಿ ಇದರಲ್ಲಿ ಹೇರುವವರಿಲ್ಲ. ಅದಕ್ಕೆ ಟ್ರ್ಯಾಕ್ಟರು ಬೇರೆ ಇದೆ. ಎರಡು ಟನ್ನಿಗೆ ಹತ್ತಿರದ ಲೋಹವು ಒಂದೂವರೆ ಕ್ವಿಂಟಲ್ ಮನುಷ್ಯಭಾರವನ್ನು ಹೊತ್ತು ತಿರುಗುವುದು ಆನೆಯ ಮೇಲೆ ಅರಿಷಿಣದ ಕೊನೆಯನ್ನು ಹೇರಿದಂತೆ. ಈ ದೋಷವು ಪೆಟ್ರೋಲಿನ ಗಾಡಿಯಲ್ಲಿರುವಂತೆ ವಿದ್ಯುತ್ತಿನ ಎಸ್‌ಯುವಿಯಲ್ಲಿಯೂ ಇದೆ. ದೊಡ್ಡ ಬ್ಯಾಟರಿಯೊಂದೇ ನಾಲ್ಕೈದು ಕ್ವಿಂಟಲ್ ತೂಗುವುದರಿಂದ ವಿದ್ಯುತ್ತಿನದರಲ್ಲಿ ತುಸು ಹೆಚ್ಚಾಗಿಯೇ ಇದೆ. ಹೊರೆಯ ಪರೀಕ್ಷೆಯಲ್ಲಿ ಎರಡೂ ಸೋತವು.

ನೆಲದ ಪ್ರಶ್ನೆಯು ಹೆಚ್ಚು ಗಹನವಾದುದು. ಶಹಾಪುರ ಸುರಪುರಗಳ ಎರೆಯ ಭೂಮಿಯು ಮಳೆಗಾಲದಲ್ಲಿ ಗಾಲಿಯನ್ನು ಹಿಡಿದು ಬಿಡದೆ ಇರುವುದು ಎಲ್ಲರೂ ಬಲ್ಲ ಸಂಗತಿ. ಯುದ್ಧರಂಗದ ಕೆಸರಿಗಾಗಿ ಹುಟ್ಟಿದ ಜೀಪು, 1947ರಿಂದ ಮುಂಬಯಿಯಲ್ಲಿ ಜೋಡಣೆಗೊಂಡು ಈ ದೇಶದ ಹಳ್ಳಿಗಳಿಗೆ ಬಂದು ಮರ್ಯಾದೆಯನ್ನು ಪಡೆದದ್ದು ಅದರ ನಾಲ್ಕು ಗಾಲಿಗಳ ಬಲದಿಂದಲೇ. ಹೊಲದ ದಾರಿಯಲ್ಲಿ ನಿತ್ಯವೂ ಓಡಾಡಬೇಕಾದವನು, ಹಳ್ಳ ದಾಟಿ ರೋಗಿಯನ್ನು ನೋಡಬೇಕಾದ ವೈದ್ಯನು, ಕಾಲುವೆಯ ದಂಡೆಯನ್ನು ಕಾಯುವ ಎಂಜಿನಿಯರನು ಇಂತಹ ಗಾಡಿಯನ್ನು ಕೊಂಡರೆ ಯಾರೂ ಬೆರಳೆತ್ತಲಾರರು.

ಆದರೆ ಕೊಳ್ಳುವವರಲ್ಲಿ ಅಂತಹವರು ಎಷ್ಟು ಮಂದಿ? ನಾಲ್ಕು ಗಾಲಿಗಳ ಬಲವನ್ನು ಜೋಡಿಸುವ ಆ ಸನ್ನೆಯು ಹಲವರ ಗಾಡಿಗಳಲ್ಲಿ ಮೇಕೆಯ ಕೊರಳ ಮೊಲೆಯಂತೆ ಸುಮ್ಮನೆ ಜೋತುಬಿದ್ದಿರುತ್ತದೆ. ಅಜಾಗಳಸ್ತನವೆಂದು ಶಾಸ್ತ್ರಕಾರರು ಕರೆದದ್ದು ಇಂತಹ ವಸ್ತುವನ್ನೇ. ಇದಕ್ಕಿಂತಲೂ ವಿನೋದವಾದ ಸಂಗತಿ ಒಂದಿದೆ. ದೊಡ್ಡ ದೇಹದ ಗಾಡಿಗಳೆಲ್ಲವೂ ನಾಲ್ಕು ಗಾಲಿಗಳಿಂದ ನಡೆಯುವವೆಂಬುದು ಭ್ರಾಂತಿ. 2024ರ ಆಗಸ್ಟಿನಲ್ಲಿ ಹೊರಬಂದ ಐದು ಬಾಗಿಲ ಥಾರ್ ರಾಕ್ಸಿನಲ್ಲಿ ನಾಲ್ಕು ಗಾಲಿಗಳ ಬಲವು ಡೀಸೆಲ್ಲಿನವರಿಗೆ ಮಾತ್ರ ದೊರೆಯಿತು. ಪೆಟ್ರೋಲನ್ನು ಆರಿಸಿದವರಿಗೆ ಸಿಕ್ಕಿದ್ದು ಹಿಂದಿನ ಎರಡು ಗಾಲಿಗಳ ಬಲವೇ. ಆಕಾರವನ್ನು ಕಂಡು ಮರುಳಾದವನು ಎರೆಯ ಕೆಸರಿನಲ್ಲಿ ಸಾಮಾನ್ಯ ಕಾರಿನವನ ಪಕ್ಕದಲ್ಲಿಯೇ ಟ್ರ್ಯಾಕ್ಟರಿಗಾಗಿ ಕಾದು ನಿಲ್ಲುವನು. ಇತ್ತ ವಿದ್ಯುತ್ತಿನ ಗಾಡಿಗಳಲ್ಲಿ ಮುಂದಿನ ಗಾಲಿಗಳಿಗೊಂದು, ಹಿಂದಿನವಕ್ಕೊಂದು ಮೋಟಾರನ್ನಿಟ್ಟರೆ ನಾಲ್ಕು ಗಾಲಿಗಳ ಬಲವು ತಾನಾಗಿಯೇ ಒದಗುತ್ತದೆ. 2025ರಲ್ಲಿ ಬಂದ ಟಾಟಾ ಹ್ಯಾರಿಯರ್ ಇವಿಯ ಮೇಲ್ತರಗತಿಯಲ್ಲಿ ಹೀಗೆಯೇ ಇದೆ. ವಿದ್ಯುತ್ ಮೋಟಾರು ನಿಂತ ನೆಲೆಯಿಂದಲೇ ಪೂರ್ಣವಾದ ಎಳೆತವನ್ನು ಕೊಡುವುದರಿಂದ ಕೆಸರಿನಲ್ಲಿ ಅದು ಹಿಂದೆ ಬೀಳಬೇಕಾದ ಕಾರಣವಿಲ್ಲ. ಆದುದರಿಂದ ನೆಲವು ಎಣ್ಣೆಯ ಪಕ್ಷದ ಸಾಕ್ಷಿಯೆಂಬ ಮಾತು ನಿಲ್ಲಲಾರದು.

ಉಳಿದದ್ದು ಮೇವು. ಈ ವಾದದ ಮರ್ಮವಿರುವುದು ಇಲ್ಲಿಯೇ.

ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡುವ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದೊಡ್ಡ ಪೆಟ್ರೋಲ್ ಗಾಡಿಯು ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ ಸಾವಿರ ಲೀಟರ್ ಬೇಕು. 2024ರ ಜೂನ್ ತಿಂಗಳಿನಲ್ಲಿ ರಾಜ್ಯವು ಮಾರಾಟ ತೆರಿಗೆಯನ್ನು ಏರಿಸಿದಾಗ ಪೆಟ್ರೋಲಿನ ಬೆಲೆಯು ಬೆಂಗಳೂರಿನಲ್ಲಿಯೂ ನೂರು ರೂಪಾಯಿಯನ್ನು ಮೀರಿತು. ಆ ಲೆಕ್ಕದಲ್ಲಿ ವರ್ಷದ ಮೇವು ಒಂದು ಲಕ್ಷಕ್ಕೆ ಮೇಲೆ. ಅಷ್ಟೇ ದೂರಕ್ಕೆ ವಿದ್ಯುತ್ತಿನ ಎಸ್‌ಯುವಿಗೆ, ಚಾರ್ಜಿನ ಸೋರಿಕೆಯೂ ಸೇರಿ, ನೂರು ಕಿಲೋಮೀಟರಿಗೆ 20 ಯೂನಿಟ್ಟಿನಂತೆ ಎರಡು ಸಾವಿರ ಯೂನಿಟ್ಟು ಸಾಕು. ಮನೆಯಲ್ಲಿ ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೂ ಹದಿನಾಲ್ಕು ಸಾವಿರ. ಕೊಳ್ಳುವಾಗಿನ ಬೆಲೆ ಹೆಚ್ಚೆಂದು ಅಂಜಿ ಎಣ್ಣೆಯ ಗಾಡಿಯನ್ನು ತಂದವನ ಸ್ಥಿತಿಯು ಸುಂಕ ತಪ್ಪಿಸಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದು ಸುಂಕದ ಕಟ್ಟೆಯ ಮುಂದೆಯೇ ಬೆಳಗು ಕಂಡ ವರ್ತಕನಂತೆ ಆಗುವುದು.

ಹಣದ ಮಾತು ಹಾಗಿರಲಿ. ಭಾರತವು ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಪಾಲನ್ನು ಪರದೇಶಗಳಿಂದ ತರಿಸುತ್ತದೆ. ಅಲ್ಲಿ ಯುದ್ಧವಾದರೆ ಇಲ್ಲಿ ಬೆಲೆ ಏರುತ್ತದೆ. ಅದನ್ನು ತಗ್ಗಿಸಲೆಂದು ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲನ್ನು ಬೆರೆಸುವ ವ್ಯವಸ್ಥೆಯು 2025ರ ಹೊತ್ತಿಗೆ ದೇಶವನ್ನು ವ್ಯಾಪಿಸಿತು. ಎಥನಾಲಿನ ಶಕ್ತಿಯು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಅದು ಹುಟ್ಟುವುದು ಕಬ್ಬು, ಅಕ್ಕಿ, ಮೆಕ್ಕೆಜೋಳಗಳಿಂದ. ನಾರಾಯಣಪುರದ ಬಸವಸಾಗರದಿಂದ ಹರಿಯುವ ಕಾಲುವೆಯ ಕೊನೆಯ ಭಾಗದ ರೈತನು ತನ್ನ ಪಾಲಿನ ನೀರಿಗಾಗಿ ಕಾಯುತ್ತಿರುವ ಸೀಮೆಯಲ್ಲಿ, ನೀರುಂಡು ಬೆಳೆದ ಬೆಳೆಯನ್ನು ದೊಡ್ಡ ಗಾಡಿಯ ಎಂಜಿನ್ನಿನಲ್ಲಿ ಸುಡುವುದು ಹೆಮ್ಮೆಯ ವಿಷಯವೆನ್ನುವವರಾರು?

"ವಿದ್ಯುತ್ತೂ ಕಲ್ಲಿದ್ದಲನ್ನು ಸುಟ್ಟೇ ಬರುವುದಲ್ಲವೆ?" ಎಂಬ ಪ್ರತಿಪ್ರಶ್ನೆಯು ನ್ಯಾಯವಾದುದು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಉರಿಯುತ್ತಿರುವ ರಾಯಚೂರು ಸ್ಥಾವರದ 1,720 ಮೆಗಾವಾಟು ಕಲ್ಲಿದ್ದಲಿನದೇ. ಅದರ ಬೂದಿಯನ್ನು ಉಣ್ಣುವವರು ನೆರೆಯ ಹಳ್ಳಿಗಳ ಜನರೇ. ಆದರೂ ಲೆಕ್ಕವನ್ನು ಮಾಡಿಯೇ ನೋಡಬೇಕು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಮು ಇಂಗಾಲದ ಡೈಆಕ್ಸೈಡು ಹೊರಡುತ್ತದೆ. ಸಾವಿರ ಲೀಟರಿಗೆ 2.3 ಟನ್ನು. ದೇಶದ ಎಲ್ಲ ಮೂಲಗಳ ವಿದ್ಯುತ್ತನ್ನು ಸರಾಸರಿ ಮಾಡಿದರೆ ಯೂನಿಟ್ಟೊಂದಕ್ಕೆ ಮುಕ್ಕಾಲು ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆ. ಎರಡು ಸಾವಿರ ಯೂನಿಟ್ಟಿಗೆ ಒಂದೂವರೆ ಟನ್ನಿನೊಳಗೆ. ಕಲ್ಲಿದ್ದಲಿನ ಪಾಪವನ್ನು ಪೂರ್ತಿಯಾಗಿ ಹೊರಿಸಿದ ಮೇಲೆಯೂ ವಿದ್ಯುತ್ತಿನ ಭಾರವು ಹಗುರವೇ. ಇದಕ್ಕೆ ಕಾರಣವು ಸರಳವಾಗಿದೆ. ಪೆಟ್ರೋಲಿನ ಎಂಜಿನ್ನಿನಲ್ಲಿ ಉರಿದ ಶಕ್ತಿಯ ಬಹುಪಾಲು ಶಾಖವಾಗಿ ಹೋಗಿ ನಾಲ್ಕನೆಯ ಒಂದು ಪಾಲಿನಷ್ಟು ಮಾತ್ರ ಗಾಲಿಯನ್ನು ಮುಟ್ಟುತ್ತದೆ; ವಿದ್ಯುತ್ ಮೋಟಾರಿನಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ಮುಟ್ಟುತ್ತದೆ. ಅಲ್ಲದೆ ವಿದ್ಯುತ್ತಿನ ಮೂಲವು ವರ್ಷೇ ವರ್ಷೇ ಶುದ್ಧವಾಗಬಲ್ಲದು. ಪಾವಗಡದ 2,050 ಮೆಗಾವಾಟಿನ ಸೌರಕ್ಷೇತ್ರವು ಅದಕ್ಕೆ ಸಾಕ್ಷಿ. ಎಣ್ಣೆಯ ಗಾಡಿಯಾದರೋ ಹುಟ್ಟಿದ ದಿನಕ್ಕಿಂತ ಮುಪ್ಪಿನಲ್ಲಿ ಹೆಚ್ಚು ಹೊಗೆಯನ್ನು ಕಾರುತ್ತದೆ.

ಈಗ "ಬೆಂಗಳೂರಿನ ಆಟಿಕೆ" ಎಂಬ ಆಕ್ಷೇಪ. ಸತ್ಯವು ಇದಕ್ಕೆ ತೀರ ವಿಪರೀತವಾಗಿದೆ. ಬೆಂಗಳೂರಿನ ಬಹುಮಹಡಿಯ ಮನೆಯವನಿಗೆ ಗಾಡಿಯನ್ನು ನಿಲ್ಲಿಸುವ ಜಾಗವೇ ಎರವಲು. ಒಂದು ಪ್ಲಗ್ಗಿಗಾಗಿ ಅವನು ಸಂಘದ ಸಭೆಯಲ್ಲಿ ಜಗಳವಾಡಬೇಕು. ಕೊಂಕಲ್ಲಿನ ಗೃಹಸ್ಥನಿಗೆ ಸ್ವಂತ ಅಂಗಳವಿದೆ, ಅದರ ಮೇಲೆ ಚಪ್ಪಟೆಯಾದ ಮಾಳಿಗೆಯಿದೆ, ಮಾಳಿಗೆಯ ಮೇಲೆ ವರ್ಷದ ಬಹುಕಾಲ ಬಿಸಿಲಿದೆ. ಹದಿನೈದು ಆಂಪಿಯರಿನ ಸಾಮಾನ್ಯ ಸಾಕೆಟ್ಟಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ಟು ತುಂಬುತ್ತದೆ. ಎಂಟು ಗಂಟೆಯ ರಾತ್ರಿಯಲ್ಲಿ ನೂರು ಕಿಲೋಮೀಟರಿಗೆ ಮಿಕ್ಕಿದ ಓಟ. ಯಾದಗಿರಿಯಿಂದ ಶಹಾಪುರಕ್ಕೆ ಹೋಗಿ ಬಂದರೂ ಅದು ಮುಗಿಯುವುದಿಲ್ಲ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿನ ಫಲಕಗಳಿಗೆ 78,000 ರೂಪಾಯಿಯ ಸಹಾಯಧನವನ್ನು ಗೊತ್ತುಮಾಡಲಾಯಿತು. ಅಂತಹ ಫಲಕಗಳು ಒಳ್ಳೆಯ ಬಿಸಿಲಿನ ದಿನ ಹನ್ನೆರಡು ಯೂನಿಟ್ಟುಗಳಷ್ಟು ಕೊಡುತ್ತವೆ. ಯಾವ ಬಿಸಿಲನ್ನು ಈ ಸೀಮೆಯವರು ತಲೆತಲಾಂತರದಿಂದ ಶಪಿಸಿದರೋ ಆ ಬಿಸಿಲೇ ಮೇವಾಗುವ ಕಾಲದಲ್ಲಿ ಅದಕ್ಕೆ ಬೆನ್ನು ತಿರುಗಿಸಿ ಬಂಕಿನ ಮುಂದೆ ನಿಲ್ಲುವುದು ಕೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಅಲೆದಂತೆ.

ಕರೆಂಟು ಹೋಗುವುದು ನಿಜ. ಆದರೆ ಪಂಪುಸೆಟ್ಟಿನ ಮಾರ್ಗವನ್ನು ಮನೆಗಳ ಮಾರ್ಗದಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯ ತರುವಾಯ ಹಳ್ಳಿಯ ಮನೆಗಳ ಸ್ಥಿತಿಯು ಹಿಂದಿನಂತಿಲ್ಲ. ರಾತ್ರಿಯಲ್ಲಿ ಎರಡು ಗಂಟೆ ತಪ್ಪಿದರೂ ಬ್ಯಾಟರಿಯು ಬರಿದಾಗುವುದಿಲ್ಲ. ಬಂಕಿನ ಪಂಪಿಗೂ ವಿದ್ಯುತ್ತು ಬೇಕೆಂಬುದನ್ನು ಆಕ್ಷೇಪಕರು ಮರೆಯುವರು. ಶಾಖವು ಬ್ಯಾಟರಿಯ ಆಯುಸ್ಸನ್ನು ತಗ್ಗಿಸುವುದೂ ನಿಜ. ಅದಕ್ಕೆ ದ್ರವದಿಂದ ತಂಪುಮಾಡುವ ಏರ್ಪಾಡುಳ್ಳ ಗಾಡಿಯನ್ನೇ ಆರಿಸಬೇಕು, ನೆರಳಿನಲ್ಲಿ ನಿಲ್ಲಿಸಬೇಕು, ನಡುಹಗಲಿನ ಉರಿಯಲ್ಲಿ ಶೀಘ್ರ ಚಾರ್ಜನ್ನು ಬಿಡಬೇಕು. ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ಭರವಸೆಯನ್ನು ತಯಾರಕರು ಬರೆದು ಕೊಡುತ್ತಾರೆ. ಆ ಕಾಗದವನ್ನು ಓದಿಯೇ ಹಣವನ್ನು ಕೊಡತಕ್ಕದ್ದು. ದೂರದ ಪ್ರಯಾಣದ ತೊಡಕನ್ನು ಮಾತ್ರ ಮುಚ್ಚಿಡಲಾಗದು. ಮಾರ್ಗಮಧ್ಯದ ಚಾರ್ಜಿಂಗ್ ಕೇಂದ್ರಗಳು ಈ ಭಾಗದಲ್ಲಿ ವಿರಳ. ದೊಡ್ಡ ದುರಸ್ತಿಗೆ ದೊಡ್ಡ ಊರಿಗೇ ಒಯ್ಯಬೇಕು. ವಾರಕ್ಕೆರಡು ಸಲ ಬೆಂಗಳೂರಿಗೆ ಓಡುವ ವ್ಯಾಪಾರಿಗೆ ಇದು ತಡೆಯೇ. ವರ್ಷಕ್ಕೆರಡು ಸಲ ಹೋಗುವವನಿಗೆ ರೈಲು ಇದೆ.

ಇಷ್ಟರಿಂದ ವಿದ್ಯುತ್ತಿನ ಪಕ್ಷದವರು ಹಿಗ್ಗಬೇಕಾದುದಿಲ್ಲ. ಅವರ ದಂಭವೂ ಪರೀಕ್ಷೆಗೆ ಅರ್ಹವಾದುದೇ. 75 ಯೂನಿಟ್ಟು ಹಿಡಿಯುವ ಬ್ಯಾಟರಿಯನ್ನು ತಯಾರಿಸುವಾಗಲೇ ಅಂದಾಜು ನಾಲ್ಕರಿಂದ ಏಳು ಟನ್ನು ಇಂಗಾಲದ ಅನಿಲವು ಹೊರಟಿರುತ್ತದೆ. ವರ್ಷಕ್ಕೆ ಮುಕ್ಕಾಲು ಟನ್ನಿಗೆ ತುಸು ಹೆಚ್ಚು ಉಳಿಸುವ ಮನೆಯು ಈ ಸಾಲವನ್ನು ತೀರಿಸಲು ಐದರಿಂದ ಎಂಟು ವರ್ಷ ಬೇಕು. ಅರ್ಧ ಬ್ಯಾಟರಿಯ ಚಿಕ್ಕ ವಿದ್ಯುತ್ ಕಾರಿಗೆ ಸಾಲವೂ ಅರ್ಧ, ಮೇವೂ ಕಡಿಮೆ. ಅದು ಎರಡು ಮೂರು ವರ್ಷಗಳಲ್ಲಿ ಋಣಮುಕ್ತವಾಗುವುದು. ಅಂಗಳದಲ್ಲಿ ನಿಲ್ಲಿಸಿ ನೆರೆಯವರಿಗೆ ತೋರಿಸಲು ಕೊಂಡ ಮಹಾವಾಹನವು, ಅದು ವಿದ್ಯುತ್ತಿನದಾದರೂ, ಭೂಮಿಗೆ ಉಪಕಾರವನ್ನು ಮಾಡಿದಂತೆ ಆಗದು.

ಬ್ಯಾಟರಿಯ ಲೋಹವೂ ಆಕಾಶದಿಂದ ಇಳಿಯುವುದಿಲ್ಲ. ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಲಿಥಿಯಮ್ಮಿನ ನಿಕ್ಷೇಪವನ್ನು ಗುರುತಿಸಿದ ಪರಮಾಣು ಖನಿಜ ನಿರ್ದೇಶನಾಲಯವು ಯಾದಗಿರಿ ಜಿಲ್ಲೆಯಲ್ಲಿಯೂ ಪ್ರಾಥಮಿಕ ಶೋಧನೆಯನ್ನು ನಡೆಸಿದ ಸಂಗತಿಯನ್ನು 2024ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಇದೇ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಮ್ಮಿನ ಶೋಧನೆಯು ನಡೆದಾಗ ತಮ್ಮ ಕುಡಿಯುವ ನೀರು ಏನಾಗುವುದೋ ಎಂದು ಅಲ್ಲಿನ ಜನರು ಕಳವಳಗೊಂಡುದನ್ನು ಈ ಸೀಮೆಯವರು ಮರೆಯಲಾರರು. ಗಾಡಿಯ ದೇಹ ಬೆಳೆದಷ್ಟೂ ಯಾರೋ ಒಬ್ಬರ ಹೊಲದ ಕೆಳಗೆ ಗುಂಡಿ ಆಳವಾಗುವುದು. ನಾಳೆ ಆ ಹೊಲವು ಕೊಂಕಲ್ಲಿನ ನೆರೆಯದೇ ಆಗಬಹುದು.

ರಾಜ್ಯದ ಬೊಕ್ಕಸವೂ ಇದರಲ್ಲಿ ಸಂಬಂಧಿಸಿದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್ ಗಾಡಿಗಳ ಮೇಲೆ ಜಿಎಸ್‌ಟಿ ನೂರಕ್ಕೆ 40 ಆಯಿತು. ವಿದ್ಯುತ್ತಿನವುಗಳ ಮೇಲೆ ಅದು ಮೊದಲಿದ್ದಂತೆ 5ರಲ್ಲಿಯೇ ಉಳಿಯಿತು. ಈ ಅಂತರವು ಸಾರ್ವಜನಿಕರ ಧನ. ಹೊಗೆಯನ್ನು ತಗ್ಗಿಸಲೆಂದು ಬಿಟ್ಟುಕೊಟ್ಟುದು, ಆಡಂಬರಕ್ಕೆಂದು ಕೊಟ್ಟುದಲ್ಲ. ಕರ್ನಾಟಕವು 2024ರಲ್ಲಿ 25 ಲಕ್ಷಕ್ಕೆ ಮೇಲ್ಪಟ್ಟ ವಿದ್ಯುತ್ ಕಾರುಗಳ ಮೇಲೆ ನೂರಕ್ಕೆ 10ರಂತೆ ಆಜೀವ ತೆರಿಗೆಯನ್ನು ಹಾಕಿದಾಗ ಕೆಲವರು ಗೊಣಗಿದರು. ಅದು ಅನ್ಯಾಯವೆನ್ನಲಾಗದು. ಮುಂಗಾರು ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುವ ಕೂಲಿಯವನೂ ಬೆಂಕಿಪೊಟ್ಟಣದಿಂದ ಹಿಡಿದು ಕೊಂಡುದಕ್ಕೆಲ್ಲ ತೆರಿಗೆಯನ್ನು ತೆರುವವನೇ. ಅವನು ತುಂಬಿದ ಬೊಕ್ಕಸದಿಂದ ಸಿರಿವಂತನ ರಥಕ್ಕೆ ಕೊಡುಗೆ ಸಲ್ಲದು.

ಇನ್ನೆರಡು ಮಾತುಗಳನ್ನು ಮನೆಯ ಹಿರಿಯರು ಲಕ್ಷಿಸಬೇಕು. ಮೊದಲನೆಯದು ಬೀದಿಯ ಮಕ್ಕಳ ವಿಷಯ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಬಾನೆಟ್ಟು ನಲವತ್ತು ಅಂಗುಲಕ್ಕಿಂತ ಎತ್ತರವಾದ ಗಾಡಿಯು ಪಾದಚಾರಿಗೆ ತಗುಲಿದಾಗ ಸಾವು ಸಂಭವಿಸುವ ಸಾಧ್ಯತೆಯು, ಬಾನೆಟ್ಟು ತಗ್ಗಾಗಿ ಇಳಿಜಾರಾಗಿರುವ ಗಾಡಿಗಿಂತ, ನೂರಕ್ಕೆ 45ರಷ್ಟು ಹೆಚ್ಚು. ಹಳ್ಳಿಯ ಬೀದಿಯಲ್ಲಿ ಪಾದಚಾರಿಯ ದಾರಿ ಬೇರೆಯಿಲ್ಲ. ಮಗು, ಕರು, ಮುದುಕಿ ಎಲ್ಲರದೂ ಒಂದೇ ದಾರಿ. ಎತ್ತರದ ಆಸನದಲ್ಲಿ ಕುಳಿತವನಿಗೆ ಮೂಗಿನ ಕೆಳಗಿನ ಮಗು ಕಾಣಿಸದೆ ಹೋದರೆ ಎಸ್‌ಯುವಿಯು ಎಣ್ಣೆಯದೋ ವಿದ್ಯುತ್ತಿನದೋ ಎಂಬ ವಿಚಾರದಿಂದ ಆ ತಾಯಿಗೆ ಏನು ಪ್ರಯೋಜನ? ಎರಡನೆಯದು ಸಾಲ. ಎರಡು ಬೆಳೆ ಕೈಗೆ ಬಂದ ವರ್ಷ ಕಂತು ಹಗುರ. ಹತ್ತಿಗೆ ಬೆಲೆ ಬಿದ್ದ ವರ್ಷ ಅದೇ ಕಂತು ಹೊಲದ ಪಹಣಿಯನ್ನು ಕೇಳುತ್ತದೆ. ಗಾಡಿಯ ಬೆಲೆ ವರ್ಷವರ್ಷಕ್ಕೆ ಇಳಿಯುವುದು. ಹೋದ ಹೊಲವು ಮರಳಿ ಬರುವುದಿಲ್ಲ.

ಹೀಗೆ ವಿಚಾರಿಸಿದರೆ ಸಿದ್ಧಾಂತವು ಸ್ಪಷ್ಟವಾಗುವುದು. ಕೆಸರಿನ ದಾರಿಯಲ್ಲಿ ನಿತ್ಯದ ಕೆಲಸವುಳ್ಳವನೂ, ಚಾರ್ಜಿನ ಅನುಕೂಲವಿಲ್ಲದ ದೂರಕ್ಕೆ ಮೇಲಿಂದ ಮೇಲೆ ಹೋಗತಕ್ಕವನೂ ಎಣ್ಣೆಯ ನಾಲ್ಕು ಗಾಲಿಯ ಗಾಡಿಯನ್ನು ನಿರ್ದೋಷವಾಗಿ ಕೊಳ್ಳಬಹುದು. ಕೊಳ್ಳುವಾಗ ಆ ನಾಲ್ಕು ಗಾಲಿಗಳಿಗೂ ಬಲವುಂಟೆ ಎಂದು ಕೇಳಿ ಕೊಳ್ಳಲಿ. ಉಳಿದವರಿಗೆ ಇವೆರಡರೊಳಗೆ ಒಂದನ್ನೇ ಆರಿಸಬೇಕಾದಲ್ಲಿ ವಿದ್ಯುತ್ತಿನದೇ ಶ್ರೇಯಸ್ಕರವು. ಮಾಳಿಗೆಯ ಮೇಲೆ ಸೌರಫಲಕವಿದ್ದರೆ ಅದರಲ್ಲಿ ಸಂದೇಹವೇ ಇಲ್ಲ. ಆದರೆ ಐವರೊಳಗಿನ ಕುಟುಂಬವು ದೊಡ್ಡದನ್ನೇ ಏಕೆ ಕೊಳ್ಳಬೇಕೆಂಬ ಪ್ರಶ್ನೆಯನ್ನು ಶೋರೂಮಿನ ಮಾರಾಟಗಾರನು ಎಂದಿಗೂ ಕೇಳುವುದಿಲ್ಲ. ಅದನ್ನು ಮನೆಯಲ್ಲಿಯೇ, ಹಣ ತೆರುವ ಮೊದಲೇ, ಗೃಹಿಣಿಯನ್ನೂ ಕೂಡಿಸಿಕೊಂಡು ಕೇಳಬೇಕು. ವರ್ಷದಲ್ಲಿ ಎಷ್ಟು ದಿನ ಎಷ್ಟು ಜನ ಎಲ್ಲಿಗೆ ಹೋದರೆಂದು ಕಳೆದ ವರ್ಷದ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದರೆ ಸಾಕು; ಬಹಳ ಮನೆಗಳಲ್ಲಿ ಆ ಹಾಳೆಯೇ ಚಿಕ್ಕ ವಿದ್ಯುತ್ ಕಾರಿನ ಹೆಸರನ್ನು ಹೇಳುವುದು.

ಹೊರೆ, ನೆಲ, ಮೇವುಗಳನ್ನು ಕೇಳಿ ಎತ್ತು ತಂದ ಅಜ್ಜನು ಅಕ್ಷರ ಬಲ್ಲವನಾಗಿರಲಿಲ್ಲ. ಅವನ ಮೊಮ್ಮಕ್ಕಳು ಪದವಿ ಪಡೆದವರು. ಅವನು ಕೇಳಿದಷ್ಟನ್ನಾದರೂ ಕೇಳಿ ಬಂಡಿಯನ್ನು ತಂದರೆ ಆ ಪದವಿಗೆ ಮರ್ಯಾದೆ ಬಂದೀತು.